ದೀನಬಂಧು ಗೋಬರ್ ಗ್ಯಾಸ್: ಮೂರು ಮಳೆಗಾಲ ಕಳೆದ ಮೇಲೆ

ನಮ್ಮದು ಸಾಗರ ತಾಲೂಕಿನ ಅಡಿಕೆ ತೋಟದ ಮನೆ. ಕೊಟ್ಟಿಗೆಯಲ್ಲಿ ಎರಡು ಜರ್ಸಿ, ಮೂರು ಮಲೆನಾಡು ಗಿಡ್ಡ. ಮೂರು ವರ್ಷದ ಹಿಂದೆ ದಿನಕ್ಕೆ ಎರಡು ಘನ ಮೀಟರ್ ಗ್ಯಾಸ್ ಕೊಡುವ ಅಳತೆಯ, ದೀನಬಂಧು ಅನ್ನುವ ಮಾದರಿಯ ಗೋಬರ್ ಗ್ಯಾಸ್ ಕಟ್ಟಿಸಿದೆವು. ನೆಲದೊಳಗೆ ಇಟ್ಟಿಗೆಯ ಗುಮ್ಮಟ. ಹಳೇ ಕಾಲದ ಕಬ್ಬಿಣದ ಡ್ರಮ್ಮು ಇಲ್ಲ, ಹಾಗಾಗಿ ತುಕ್ಕಿನ ಕಾಟವೂ ಇಲ್ಲ.

ಬೆಳಿಗ್ಗೆ ಹಾಲು ಕರೆದ ಮೇಲೆ ಸಗಣಿ ಕಲಸುವುದು ನನ್ನ ಕೆಲಸ. ಸಗಣಿ ಎಷ್ಟೋ ನೀರೂ ಅಷ್ಟೇ. ತೊಟ್ಟಿಗೆ ಕೈ ಹಾಕಿ ಕಲಸಬೇಕು, ಹುಲ್ಲಿನ ಕಡ್ಡಿ, ಕಲ್ಲು ಸಿಕ್ಕರೆ ತೆಗೆದು ಬಿಸಾಡಬೇಕು. ದೋಸೆ ಹಿಟ್ಟಿಗಿಂತ ಸ್ವಲ್ಪ ತೆಳು ಹದಕ್ಕೆ ಬಂದಾಗ ಬಿರಡೆ ಎಳೆದರೆ ಗುಳುಗುಳು ಅಂತ ಒಳಗೆ ಇಳಿಯುತ್ತದೆ. ಇಪ್ಪತ್ತು ನಿಮಿಷದ ಕೆಲಸ, ಒಂದು ದಿನವೂ ತಪ್ಪಿಸುವ ಹಾಗಿಲ್ಲ.

ಈ ಅಳತೆಗೆ ದಿನಕ್ಕೆ 50 ಕೆಜಿ ಸಗಣಿ ಬೇಕು. ನಮಗೆ ಅಷ್ಟು ಸಿಗುವುದಿಲ್ಲ. ಗಿಡ್ಡಗಳು ಹಗಲೆಲ್ಲ ಮೇಯಲು ಹೋಗುತ್ತವೆ, ಅರ್ಧ ಸಗಣಿ ಬೆಟ್ಟದಲ್ಲೇ ಬೀಳುತ್ತದೆ. ಆದರೂ ಐದು ಜನರ ಅಡುಗೆಗೆ ಹೆಚ್ಚುಕಮ್ಮಿ ಸಾಕಾಗುತ್ತದೆ. ಮೊದಲು ತಿಂಗಳಿಗೊಂದು ಸಿಲಿಂಡರ್ ಬೇಕಿತ್ತು, ಈಗ ನಾಲ್ಕು ತಿಂಗಳು ಬರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮಾತ್ರ ತಂಡಿಗೆ ಗ್ಯಾಸ್ ಕಮ್ಮಿ. ಆಗ ಬಚ್ಚಲ ಹಂಡೆಯ ಬೆಚ್ಚನೆ ನೀರಲ್ಲಿ ಸಗಣಿ ಕಲಸುತ್ತೇನೆ. ಸ್ವಲ್ಪ ಅನುಕೂಲ ಆಗಿದೆ.

ಒಂದು ತೊಂದರೆ ಹೇಳಲೇಬೇಕು. ಶುರುವಿನ ತಿಂಗಳು ಒಲೆ ಸರಿಯಾಗಿ ಉರಿಯುತ್ತಲೇ ಇರಲಿಲ್ಲ. ಕಟ್ಟಿದವರು ಪೈಪಿನ ಎರಡು ಜಾಯಿಂಟ್ ಸಡಿಲ ಬಿಟ್ಟಿದ್ದರು. ಸೋಪಿನ ನೀರು ಹಚ್ಚಿದಾಗ ಗುಳ್ಳೆ ಎದ್ದಿತು, ಆಗ ಗೊತ್ತಾಯಿತು. ನನಗೆ ಗ್ಯಾಸ್ ಹಾಳಾಯಿತು ಅನ್ನುವುದಕ್ಕಿಂತ ಜಾಸ್ತಿ ಬೇಜಾರು ಬೇರೆ ಕಾರಣಕ್ಕೆ. ಈ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಮೀಥೇನ್. ನೂರು ವರ್ಷದ ಲೆಕ್ಕ ಹಿಡಿದರೆ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಭೂಮಿಯನ್ನು ಬಿಸಿ ಮಾಡುವ ಅನಿಲ ಅದು.

"ಉರಿಸಿದರೂ ಗಾಳಿಗೇ ಹೋಗುತ್ತದಲ್ಲ, ಏನು ಉಪಕಾರ?" ಅಂತ ನಮ್ಮ ಭಾವ ಕೇಳಿದರು. ಮೊದಲು ಸಗಣಿಯನ್ನೆಲ್ಲ ಗೊಬ್ಬರಗುಂಡಿಗೆ ಹಾಕುತ್ತಿದ್ದೆವು. ಮಳೆಗಾಲವಿಡೀ ಗುಂಡಿಯಲ್ಲಿ ನೀರು. ಗಾಳಿ ಆಡದೆ ಕೊಳೆತಾಗ ಅಲ್ಲೂ ಮೀಥೇನೇ ಹುಟ್ಟುವುದು, ಅದು ಹಾಗೇ ಮೇಲೆ ಹೋಗುತ್ತಿತ್ತು. ಈಗ ಒಲೆಯಲ್ಲಿ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಅದೂ ದನ ತಿಂದ ಹುಲ್ಲು ಗಾಳಿಯಿಂದಲೇ ಎಳೆದುಕೊಂಡಿದ್ದು. ಸಿಲಿಂಡರಿನದು ಹಾಗಲ್ಲ, ನೆಲದಾಳದಿಂದ ತೆಗೆದು ಹೊಸದಾಗಿ ಸೇರಿಸುವುದು. ಭಾವನಿಗೆ ಇಷ್ಟು ಹೇಳಿದೆ. ಭೂಮಿ ಬಿಸಿಯಾಗಿ ಹವೆ ಕೆಟ್ಟರೆ ಪೆಟ್ಟು ನಮಗೇ. ಮಳೆ ಹೊತ್ತುಗೊತ್ತಿಲ್ಲದೆ ಸುರಿದು ಕೊಳೆರೋಗಕ್ಕೆ ಉದುರಿದ ಅಡಿಕೆಯನ್ನು ಪ್ರತಿ ವರ್ಷ ಆರಿಸುವವರು ನಾವೇ ಅಲ್ವಾ? ನಮ್ಮ ಕೊಟ್ಟಿಗೆಯದ್ದನ್ನಾದರೂ ನಾವು ತಡೆಯಬೇಕು ಅನಿಸುತ್ತದೆ.

ಗ್ಯಾಸ್ ಹೋದ ಮೇಲೆ ಹೊರಗೆ ಬರುವ ಸಗಣಿ ನೀರಿಗೆ, ಅಂದರೆ ಸ್ಲರಿಗೆ, ವಾಸನೆ ಇಲ್ಲ, ನೊಣವೂ ಕಮ್ಮಿ. ಅಡಿಕೆ ಬುಡಕ್ಕೆ ಹಾಕುತ್ತೇವೆ.

ಕಟ್ಟಿಸುವವರು ಗೋಬರ್ ಗ್ಯಾಸಿಗೆ ಅಂತಲೇ ಮಾಡಿದ ಒಲೆ ತಗೊಳ್ಳಿ, ಸಿಲಿಂಡರಿನ ಒಲೆಯಲ್ಲಿ ಉರಿ ಸರಿ ಬರುವುದಿಲ್ಲ. ಪೈಪಿನಲ್ಲಿ ನೀರು ನಿಂತರೆ ಉರಿ ಕುಣಿಯುತ್ತದೆ, ತಗ್ಗಿನಲ್ಲಿ ನೀರು ಬಿಡುವ ನಲ್ಲಿ ಹಾಕಿಸಿಕೊಳ್ಳಿ. ಎರಡೇ ದನ ಇದ್ದರೆ ಒಂದು ಘನ ಮೀಟರಿನದು ಸಾಕು, ದೊಡ್ಡದು ಸುಮ್ನೆ ಕಟ್ಟಿಸಬೇಡಿ. ದುಡ್ಡು ಕೊಡುವ ಮೊದಲು ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ನೋಡಿ.