ಥರ್ಮೋಸ್ಟಾಟ್ ಬದಲಿಸುವುದಾ, ಹೀಟರ್ ಕೋರ್ ತೊಳೆಯುವುದಾ?

ಡೀಸೆಲ್ ಪಿಕಪ್‌ನ ಹೀಟರ್ ಉಗುರುಬೆಚ್ಚಗಿನ ಗಾಳಿ ಬಿಡುತ್ತಿದ್ದರೆ, ಇಂಜಿನ್ ತಣ್ಣಗಿರುವಾಗ ಮೊದಲು ಕೂಲಂಟ್ (ಇಂಜಿನ್ ತಂಪಾಗಿಡುವ ದ್ರವ) ಮಟ್ಟ ನೋಡಿ. ಅದು ಸರಿಯಿದ್ದರೆ ಮುಂದಿನ ಮಾತು.

20 ನಿಮಿಷ ಓಡಿಸಿದ ಮೇಲೂ ಟೆಂಪರೇಚರ್ ಮುಳ್ಳು ಕೆಳಗೇ ಇದೆಯಾ? ಥರ್ಮೋಸ್ಟಾಟ್, ಅಂದರೆ ಇಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರ್‌ಗೆ ಬಿಡದ ಕವಾಟ, ತೆರೆದೇ ಸಿಕ್ಕಿಕೊಂಡಿರಬೇಕು. ಬದಲಿಸಿ. ಸುಮ್ನೆ ನಿಂತಲ್ಲಿ ಇಂಜಿನ್ ಚಾಲೂ ಇಟ್ಟು ಪರೀಕ್ಷಿಸಬೇಡಿ, ಡೀಸೆಲ್ ಹಾಗೆ ಬೇಗ ಬಿಸಿಯಾಗುವುದಿಲ್ಲ.

ಮುಳ್ಳು ಮಧ್ಯಕ್ಕೆ ಬಂದಿದ್ದರೆ ಹೀಟರ್‌ನ ಎರಡೂ ಪೈಪ್ ಹುಷಾರಾಗಿ ಮುಟ್ಟಿ. ಒಂದು ಸುಡುತ್ತಿದೆ, ಇನ್ನೊಂದು ತಣ್ಣಗಿದೆ ಅಂದರೆ ಹೀಟರ್ ಕೋರ್‌ನಲ್ಲಿ (ಒಳಗಿನ ಗಾಳಿ ಬಿಸಿ ಮಾಡುವ ಪುಟ್ಟ ರೇಡಿಯೇಟರ್) ಕೆಸರು ಕಟ್ಟಿರುತ್ತದೆ. ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯಿರಿ. ಒತ್ತಡ ಮಾತ್ರ ಜಾಸ್ತಿ ಬೇಡ. ಕೋರ್ ಸೋರಿದರೆ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಾದೀತು. ಅದಕ್ಕೇ ಅನುಮಾನವಿದ್ದಾಗ ನಾನು ಥರ್ಮೋಸ್ಟಾಟ್‌ಗೇ ಮೊದಲು ಕೈ ಹಾಕುತ್ತೇನೆ.

ಎರಡೂ ಪೈಪ್ ಬಿಸಿಯಿದ್ದರೆ? ಬಿಸಿ ಗಾಳಿ, ತಣ್ಣನೆ ಗಾಳಿ ಬೆರೆಸುವ ಬ್ಲೆಂಡ್ ಡೋರ್ ನೋಡಿ.