ಆಸ್ಟನ್ ಮಾರ್ಟಿನ್ ಡಿಬಿ9: ಗೇಮ್‌ನಲ್ಲಿ ಓಡಿಸಿದ್ದು, ಗ್ಯಾರೇಜಿನಲ್ಲಿ ಸಾಕುವುದು

ಡಿಬಿ9 ಎಂದೊಡನೆ ತುಂಬಾ ಜನರಿಗೆ ನೆನಪಾಗುವುದು 2005ರ ರೇಸಿಂಗ್ ಗೇಮ್ ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್. ಆಟಗಾರ ಒಬ್ಬೊಬ್ಬರನ್ನಾಗಿ ಸೋಲಿಸಬೇಕಾದ ರೇಸರ್‌ಗಳ ಪಟ್ಟಿಯಾದ ಬ್ಲ್ಯಾಕ್‌ಲಿಸ್ಟಿನಲ್ಲಿ 3ನೇ ಸ್ಥಾನದ ರಾನಿ ಓಡಿಸುತ್ತಿದ್ದ ಕಾರು ಅದು. ಅವನನ್ನು ಸೋಲಿಸಿದ ಮೇಲೆ ತೆರೆಯ ಮೇಲೆ ಬರುವ ಗುರುತುಗಳಲ್ಲಿ ಎರಡನ್ನು ಆರಿಸಬೇಕು, ಗುಟ್ಟಾಗಿಟ್ಟ ಗುರುತುಗಳಲ್ಲಿ ಒಂದರ ಹಿಂದೆ ಕಾರಿನ ಕಾಗದಪತ್ರ ಇರುತ್ತದೆ. ಸಿಕ್ಕರೆ ಕಾರು ನಿಮ್ಮದು. ಆ ಡಿಬಿ9 ಪೊಲೀಸ್ ಜೀಪುಗಳಿಗೆ ಗುದ್ದಿಕೊಂಡು ಹೋಗುತ್ತದೆ, ಗೇಮಿನಲ್ಲಿ ಕಾಲವನ್ನು ನಿಧಾನಗೊಳಿಸುವ ಸ್ಪೀಡ್‌ಬ್ರೇಕರ್ ಬಟನ್ ಒತ್ತಿದರೆ ಆಟಿಕೆಯ ಹಾಗೆ ತಿರುವಿನಲ್ಲಿ ಹೊರಳುತ್ತದೆ. ಆಡಲು ಬಹಳ ಖುಷಿ. ಆದರೆ ನಿಜವಾದ ಕಾರಿನ ತೂಕ 1,700 ಕಿಲೋ ದಾಟುತ್ತದೆ, ಆಟೋಮ್ಯಾಟಿಕ್ ಆದರೆ ಇನ್ನೂ ಹೆಚ್ಚು. ಇದು ದೂರದ ಪ್ರಯಾಣಕ್ಕೆ ಕಟ್ಟಿದ ಕಾರು. ರೇಸಿನ ನಿರೀಕ್ಷೆಯಲ್ಲಿ ಹಳೆಯ ಡಿಬಿ9 ಕೊಳ್ಳುವವರು ಚಕ್ರ, ಸೈಲೆನ್ಸರ್, ಬ್ರೇಕುಗಳಿಗೆ ದುಡ್ಡು ಸುರಿಯುತ್ತಾರೆ. ನಿಜಕ್ಕೂ ದುಡ್ಡು ಬೇಕಾಗುವುದು ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್‌ಗಳಿಗೆ, ಸೋರದಂತೆ ತಡೆಯುವ ಗ್ಯಾಸ್ಕೆಟ್‌ಗಳಿಗೆ, ಬ್ಯಾಟರಿಗೆ.

ಡಿಬಿ9 ಮೊದಲು ಕಾಣಿಸಿಕೊಂಡದ್ದು 2003ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ. ಇಂಗ್ಲೆಂಡಿನ ಗೇಡನ್ ಕಾರ್ಖಾನೆಯಲ್ಲಿ 2004ರಿಂದ 2016ರವರೆಗೆ ತಯಾರಾಯಿತು. 5.9 ಲೀಟರಿನ ವಿ12 ಎಂಜಿನ್ ಜರ್ಮನಿಯ ಕೊಲೋನ್‌ನಲ್ಲಿ ಜೋಡಣೆಯಾಗಿ ಬರುತ್ತಿತ್ತು. ಮೊದಲ ಮಾದರಿಗೆ 450 ಅಶ್ವಶಕ್ತಿ, 570 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಆ ಟಾರ್ಕಿನ ಬಹುಪಾಲು ಎಂಜಿನ್ ನಿಮಿಷಕ್ಕೆ 1,500 ಸುತ್ತು (ಆರ್‌ಪಿಎಂ) ತಿರುಗುವಾಗಲೇ ಸಿಗುತ್ತದೆ ಎಂಬುದರಲ್ಲಿ ಕಾರಿನ ಸ್ವಭಾವವೆಲ್ಲ ಇದೆ. ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ಬಳಿ, ನಡುವೆ ಅಲ್ಯೂಮಿನಿಯಂ ಕೊಳವೆಯೊಳಗೆ ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಕಾರ್ಬನ್ ಫೈಬರಿನ ಪ್ರೊಪೆಲ್ಲರ್ ಶಾಫ್ಟ್. ಹಾಗಾಗಿ ತೂಕ ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸಮ. ಮೂಗು ಭಾರವಿಲ್ಲದ ಆ ಹದ ಹೆದ್ದಾರಿಯ ಉದ್ದನೆಯ ತಿರುವುಗಳಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಆ ಹದ ಗೇಮ್‌ನಲ್ಲಿ ಸಿಗಬೇಕಾದರೆ ಪ್ಲೇಸ್ಟೇಷನ್ 2ರ ಗ್ರ್ಯಾನ್ ಟುರಿಸ್ಮೊ 4 ಒಳ್ಳೆಯ ಆಯ್ಕೆ. ಅಂಟಿಕೊಂಡು ಓಡುವ ಟೈರ್‌ಗಳಲ್ಲಿ ಇದು ಯಾವುದೋ ಒಂದು ವೇಗದ ಕಾರಿನಂತೆ ಅನಿಸುತ್ತದೆ. ಟೈರ್ ಪಟ್ಟಿಯಲ್ಲಿ ಹಿಡಿತ ಕಡಿಮೆಯ ಸಾಮಾನ್ಯ ರಸ್ತೆ ಟೈರ್‌ಗಳಾದ ಎನ್2 ಅಥವಾ ಎನ್3 ಹಾಕಿ, ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಕಡಿಮೆ ಮಾಡಿ, ಎರಡನೇ ಗೇರಿನಲ್ಲಿ ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ನಿಧಾನವಾಗಿ ಒತ್ತಿ. ಹಿಂಭಾಗ ಮೆಲ್ಲಗೆ ಸರಿಯುವುದು, ಅವಸರಪಟ್ಟರೆ ಜಾರುವುದು ಎರಡೂ ಸ್ಪಷ್ಟವಾಗಿ ತಿಳಿಯುತ್ತದೆ. ಕೊರತೆ ಒಂದೇ, ಡ್ಯಾಶ್‌ಬೋರ್ಡ್ ನೋಟ ಅದರಲ್ಲಿಲ್ಲ. ಈ ಕಾರಿನ ಸೊಗಸಿನ ಅರ್ಧ ಇರುವುದು ಅಲ್ಲೇ. ಸ್ಪೀಡೋಮೀಟರ್ ಮುಳ್ಳು ಎಲ್ಲ ಕಾರುಗಳಂತೆ ಬಲಕ್ಕೆ ಏರಿದರೆ, ಆರ್‌ಪಿಎಂ ಮುಳ್ಳು ಅದಕ್ಕೆ ಎದುರಾಗಿ ಎಡಕ್ಕೆ ಏರುತ್ತದೆ. ಆರ್‌ಪಿಎಂ ಮೀಟರಿನಲ್ಲಿ ಕೆಂಪು ಗೆರೆ ಬರೆದಿಲ್ಲ. ಎಂಜಿನ್ ಎಷ್ಟು ಬಿಸಿಯಾಗಿದೆ ಎಂಬುದನ್ನೆಲ್ಲ ನೋಡಿಕೊಂಡು ಕಂಪ್ಯೂಟರೇ ಮಿತಿ ನಿರ್ಧರಿಸಿ ಕೆಂಪು ದೀಪ ಹೊತ್ತಿಸುತ್ತದೆ. ಮುಂಜಾನೆಯ ತಣ್ಣನೆ ಎಂಜಿನ್ನಿಗೆ ಒಂದು ಮಿತಿ, ಕಾದ ಎಂಜಿನ್ನಿಗೆ ಇನ್ನೊಂದು.

ಡಿಬಿ9ಗೆ ನಿಜಕ್ಕೂ ಹೊಂದುವ ಗೇಮ್ ಎಂದರೆ 2006ರ ಟೆಸ್ಟ್ ಡ್ರೈವ್ ಅನ್‌ಲಿಮಿಟೆಡ್. ಹವಾಯಿಯ ಒವಾಹು ದ್ವೀಪದ ರಸ್ತೆಗಳು ಅದರಲ್ಲಿವೆ. ಒಳಗಿನ ನೋಟ ಇದೆ, ಕಿಟಕಿ ಗಾಜು ಇಳಿಸಬಹುದು, ಬೇರೆ ಗಾಡಿಗಳಿಗೆ ಗುದ್ದದಿದ್ದರೆ ಪೊಲೀಸರೂ ಅಟ್ಟಿಸಿಕೊಂಡು ಬರುವುದಿಲ್ಲ. ಕಡಲಂಚಿನ ರಸ್ತೆಯಲ್ಲಿ ಅರ್ಧ ಗಂಟೆ ಸುಮ್ಮನೆ ಓಡಿಸಿದರೆ ಇದು ಎಂಥ ಕಾರು ಎಂಬುದು ಹತ್ತು ರೇಸ್ ಗೆದ್ದರೂ ತಿಳಿಯದಷ್ಟು ತಿಳಿಯುತ್ತದೆ. ಆನ್‌ಲೈನ್ ಸರ್ವರ್ ಮುಚ್ಚಿ ವರ್ಷಗಳಾದವು, ಒಬ್ಬರೇ ಓಡಿಸಲು ಅದರಿಂದ ತೊಂದರೆಯಿಲ್ಲ. ರೇಸೇ ಬೇಕೆಂದರೆ 2008ರ ಗ್ರಿಡ್ ಎಂಬ ಗೇಮ್‌ನಲ್ಲಿ ಡಿಬಿಆರ್9 ರೇಸ್ ಕಾರು ತೆಗೆದುಕೊಳ್ಳಿ. ಇದೇ ಕಾರಿನಿಂದ ಹುಟ್ಟಿದ ಅದು ಸುಮಾರು 1,100 ಕಿಲೋ ತೂಗುತ್ತದೆ. 2007 ಮತ್ತು 2008ರಲ್ಲಿ ಲ ಮಾನ್ 24 ಗಂಟೆಯ ಓಟದಲ್ಲಿ ಜಿಟಿ1 ವರ್ಗ ಗೆದ್ದದ್ದು ಅದೇ.

ಇನ್ನು ಯಾವ ಗೇಮೂ ತೋರಿಸದ ಸಂಗತಿಗಳು.

ಮೊದಲನೆಯದು ಕಾಯಿಲ್. ಹನ್ನೆರಡು ಸಿಲಿಂಡರಿಗೆ ಹನ್ನೆರಡು ಕಾಯಿಲ್, ಹನ್ನೆರಡು ಸ್ಪಾರ್ಕ್ ಪ್ಲಗ್. ಅವೆಲ್ಲ ಎಂಜಿನ್ನಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಯಲ್ಲಿ ಬಿಸಿಯಲ್ಲೇ ಕುದಿಯುತ್ತಿರುತ್ತವೆ. ವರ್ಷ ಕಳೆದಂತೆ ಬಿಸಿಗೆ ಕಾಯಿಲ್ ಸೋಲುತ್ತದೆ. ಎಂಜಿನ್ನಿನ ಮೇಲ್ಮುಚ್ಚಳವಾದ ಕ್ಯಾಮ್ ಕವರಿನ ಗ್ಯಾಸ್ಕೆಟ್ ಸೋರಿ ಪ್ಲಗ್ ಗುಂಡಿಗೆ ಆಯಿಲ್ ಇಳಿದಿದ್ದರೆ ಇನ್ನೂ ಬೇಗ ಹಾಳಾಗುತ್ತದೆ. ಹನ್ನೆರಡರಲ್ಲಿ ಒಂದು ಸತ್ತರೆ ಪಿಕಪ್ ಕಡಿಮೆಯಾದದ್ದು ಗೊತ್ತೇ ಆಗುವುದಿಲ್ಲ, ಅಷ್ಟು ಶಕ್ತಿ ಇದೆ. ಮೇಲಿನ ಗೇರಿನಲ್ಲಿ ಸುಮಾರು 1,500 ಆರ್‌ಪಿಎಂನಲ್ಲಿ ಹೋಗುತ್ತಾ ಸ್ವಲ್ಪವೇ ಆಕ್ಸಿಲರೇಟರ್ ಕೊಟ್ಟಾಗ ಸಣ್ಣಗೆ ನಡುಗಿದ ಹಾಗೆ ಆಗುತ್ತದೆ. ಅದೇ ಮಿಸ್ಸಿಂಗ್, ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಿಕೊಳ್ಳುತ್ತಿಲ್ಲ ಎಂದರ್ಥ. ಕಡೆಗಣಿಸಿದರೆ ಆ ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಕನ್ವರ್ಟರ್ ಕರಗುವಷ್ಟು ಬಿಸಿಯಾಗುತ್ತದೆ. ಕಾಯಿಲಿನ ಖರ್ಚಿನ ಜೊತೆ ಕನ್ವರ್ಟರಿನ ಖರ್ಚು ಸೇರಿಕೊಂಡರೆ ಬಿಲ್ಲು ನೋಡುವ ಹಾಗಿರುವುದಿಲ್ಲ. ಎಂಜಿನ್ ದೀಪ ಮಿನುಗಲು ಶುರುವಾದ ತಕ್ಷಣ ಕಾಲು ತೆಗೆದು ಬದಿಗೆ ನಿಲ್ಲಿಸಿ. ಕಾರಿನ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರೆ ಪಿ0301ರಿಂದ ಪಿ0312ರವರೆಗಿನ ಕೋಡ್‌ಗಳಲ್ಲಿ ಕೊನೆಯ ಎರಡು ಅಂಕಿ ಯಾವ ಸಿಲಿಂಡರ್ ಎಂದು ಹೇಳುತ್ತವೆ. ಕೆಟ್ಟ ಒಂದನ್ನೇ ಬದಲಿಸಿ ಉಳಿಸಲು ಹೋಗಬೇಡಿ. ಮ್ಯಾನಿಫೋಲ್ಡ್ ಬಿಚ್ಚುವ ಕೂಲಿಯೇ ದೊಡ್ಡದು. ಬಿಚ್ಚಿದ ಮೇಲೆ ಹನ್ನೆರಡೂ ಕಾಯಿಲ್, ಹನ್ನೆರಡೂ ಪ್ಲಗ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಒಂದೇ ಸಲಕ್ಕೆ ಹಾಕಿಸಿ. ಕ್ಯಾಮ್ ಕವರ್ ಒದ್ದೆಯಾಗಿದ್ದರೆ ಅದರ ಗ್ಯಾಸ್ಕೆಟ್ಟೂ ಆಗಲೇ ಆಗಿಬಿಡಲಿ.

ಬ್ಯಾಟರಿಯದು ಸಣ್ಣ ವಿಷಯವೆನಿಸುತ್ತದೆ, ಆದರೆ ಅತಿ ಹೆಚ್ಚು ಕಾಡುವುದು ಇದೇ. ಅಲಾರಂ, ಟ್ರ್ಯಾಕರ್ ಕರೆಂಟ್ ಹೀರುತ್ತಲೇ ಇರುತ್ತವೆ. ಎರಡು ಮೂರು ವಾರ ನಿಲ್ಲಿಸಿದರೆ ಬ್ಯಾಟರಿ ಕುಸಿಯುತ್ತದೆ, ಸಂಬಂಧವೇ ಇಲ್ಲದ ಎಚ್ಚರಿಕೆಗಳೆಲ್ಲ ಡ್ಯಾಶ್‌ಬೋರ್ಡಿನಲ್ಲಿ ಬರುತ್ತವೆ. ಗ್ಯಾರೇಜಿನಲ್ಲಿ ನಿಂತಾಗಲೆಲ್ಲ ಚಾರ್ಜ್ ಇಳಿಯದಂತೆ ಕಾಯುವ ಬ್ಯಾಟರಿ ಕಂಡೀಷನರ್ ಸಿಕ್ಕಿಸಿಡಿ. ಬಾಗಿಲಿನ ಗಾಜಿಗೆ ಫ್ರೇಮ್ ಇಲ್ಲ. ಹಿಡಿ ಎಳೆದಾಗ ಗಾಜು ಒಂದಿಷ್ಟು ಕೆಳಗಿಳಿದು ರಬ್ಬರಿನಿಂದ ಬಿಡಿಸಿಕೊಳ್ಳುತ್ತದೆ. ಬ್ಯಾಟರಿ ಸತ್ತಿದ್ದರೆ ಇಳಿಯುವುದಿಲ್ಲ. ಆಗ ಬಾಗಿಲನ್ನು ಜಗ್ಗಿದರೆ ರಬ್ಬರ್ ಕಿತ್ತು ಬರುತ್ತದೆ, ಗಾಜಿನ ಮೇಲೆ ಅಂಗೈ ಇಟ್ಟು ಒಳಕ್ಕೆ ಒತ್ತಿ ಹಿಡಿದು ನಿಧಾನವಾಗಿ ತೆಗೆಯಬೇಕು. ಬಾಗಿಲು ತೆರೆಯುವಾಗ ತುಸು ಮೇಲಕ್ಕೂ ಏಳುತ್ತದೆ, ಫುಟ್‌ಪಾತಿನ ಕಲ್ಲಿಗೆ ತಾಗಬಾರದೆಂದು ಮಾಡಿದ್ದು. ಬಹಳ ಒಳ್ಳೆಯ ಯೋಚನೆ.

ಹ್ಯಾಂಡ್ ಬ್ರೇಕ್ ಸೀಟಿಗೂ ಬಾಗಿಲಿಗೂ ನಡುವೆ ಇದೆ. ಎಳೆದು ಬಿಟ್ಟರೆ ಬ್ರೇಕ್ ಹಿಡಿದುಕೊಂಡೇ ಇರುತ್ತದೆ, ಲಿವರ್ ಮಾತ್ರ ಕೆಳಗೆ ಬಿದ್ದು ಮಲಗುತ್ತದೆ. ಹೊಸಬರು ಬ್ರೇಕ್ ಬಿಟ್ಟಿದೆ ಎಂದುಕೊಂಡು ಹೊರಟು ಹಿಂದಿನ ಬ್ರೇಕ್ ಸುಡುವುದು ಹೀಗೆ. ಡ್ಯಾಶ್‌ಬೋರ್ಡಿನ ದೀಪವನ್ನು ನಂಬಿ, ಲಿವರನ್ನಲ್ಲ.

ಬಾಡಿ ಅಲ್ಯೂಮಿನಿಯಂ ಆದ್ದರಿಂದ ತುಕ್ಕಿಲ್ಲ ಎಂಬ ಮಾತು ಅರ್ಧ ಸತ್ಯ. ಅಲ್ಯೂಮಿನಿಯಂಗೆ ಬೇರೆ ಲೋಹ ತಾಗುವ ಕಡೆ, ಮುಖ್ಯವಾಗಿ ಬಾಗಿಲ ಹಿಡಿಯ ಸುತ್ತ, ಬಣ್ಣ ಗುಳ್ಳೆ ಏಳುತ್ತದೆ. ಬ್ರಿಟನ್ನಿನ ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು ಅದನ್ನು ಬೇಗ ಹಬ್ಬಿಸುತ್ತದೆ. ಅಡಿಯಲ್ಲಿ ಸಸ್ಪೆನ್ಷನ್ ಹಿಡಿದಿಡುವ ಚೌಕಟ್ಟಾದ ಸಬ್‌ಫ್ರೇಮ್ ಉಕ್ಕಿನದು, ಲಿಫ್ಟ್ ಮೇಲೆ ಏರಿಸಿ ನೋಡದೆ ಕೊಳ್ಳಬೇಡಿ. ಮೈಲೇಜ್ ಲೀಟರಿಗೆ 6 ಕಿಲೋಮೀಟರಿನ ಆಸುಪಾಸು. ಹಿಂದಿನ ಸೀಟು ಬ್ಯಾಗ್ ಇಡಲು ಸರಿ.

ಕೊಳ್ಳುವ ಮೊದಲು ನೋಡುವ ಕ್ರಮ ಹೀಗಿರಲಿ. ಎಂಜಿನ್ ತಣ್ಣಗಿರುವಾಗಲೇ ಬರುತ್ತೇವೆಂದು ಮಾರುವವರಿಗೆ ಮೊದಲೇ ಹೇಳಿ, ಬಾನೆಟ್ ಮುಟ್ಟಿ ಖಚಿತಪಡಿಸಿಕೊಳ್ಳಿ. ಕಾಯಿಲ್ ಬದಲಿಸಿದ ಬಿಲ್ ಕೇಳಿ, ಹನ್ನೆರಡೂ ಎಂದು ಬರೆದಿದೆಯೇ ನೋಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಯ ತಾರೀಕು ಇರುತ್ತದೆ, 3516 ಎಂದಿದ್ದರೆ 2016ರ 35ನೇ ವಾರದ್ದು. ಕಡಿಮೆ ಓಡಿದ ಕಾರುಗಳಲ್ಲಿ ಟೈರ್ ಸವೆಯುವುದಿಲ್ಲ, ಗಟ್ಟಿಯಾಗುತ್ತದೆ. ಇಪ್ಪತ್ತು ನಿಮಿಷ ಓಡಿಸಿ ಎಂಜಿನ್ ಪೂರ್ತಿ ಕಾದ ಮೇಲೆ ಸ್ಟೀರಿಂಗ್ ಹಿಂದಿನ ಗೇರ್ ಪ್ಯಾಡಲ್‌ನಿಂದ 6ನೇ ಗೇರಿಗೆ ಹಾಕಿ, 1,500ರ ಹತ್ತಿರ ಇಳಿಸಿ, ರೇಡಿಯೊ ಬಂದ್ ಮಾಡಿ, ಒಂದು ಸಣ್ಣ ಏರು ಹತ್ತಿಸಿ. ಎಂಜಿನ್ ನಡುಗದೆ ಎಳೆದುಕೊಂಡು ಹೋಗಬೇಕು. ನಡುಗಿತೋ, ಆ ರಿಪೇರಿಯ ದುಡ್ಡನ್ನು ಬೆಲೆಯಲ್ಲಿ ಇಳಿಸಿದರೆ ಮಾತ್ರ ಮುಂದಿನ ಮಾತು ಆಡಿ.