ಎಂಟಿಬಿಗೆ ಸಣ್ಣ ಟೈರ್ ಹಾಕಿಸುವ ಮುಂಚೆ ರಿಮ್‌ನ ಒಳ ಅಗಲ ನೋಡಿ

ಮೌಂಟನ್ ಬೈಕನ್ನೇ (ಎಂಟಿಬಿ) ದಿನಾ ಕೆಲಸಕ್ಕೆ ಓಡಿಸುವವರು, ಅದರ ಗುಬುಟು ಗುಬುಟಾದ ಬಟನ್ ಟೈರ್ ತೆಗೆಸಿ ನುಣ್ಣನೆಯ ರೋಡ್ ಟೈರ್ ಹಾಕಿಸಬೇಕು ಅಂತಿದ್ದರೆ ಇದನ್ನು ಓದಿಕೊಂಡು ಅಂಗಡಿಗೆ ಹೋಗಿ. ಟೈರ್ ಬದಲಿಸುವುದು ತಪ್ಪಲ್ಲ, ಬದಲಿಸಲೇಬೇಕು ಅನ್ನುವವರ ಪೈಕಿ ನಾನೂ ಒಬ್ಬ. ಡಾಂಬರಿನ ಮೇಲೆ ಬಟನ್ ಟೈರ್ ಗುಂಯ್‌ಗುಡುತ್ತೆ, ಒಂದೊಂದು ಗುಬುಟೂ ಬಾಗಿ ಎದ್ದು ಕಾಲಿನ ಶಕ್ತಿ ತಿನ್ನುತ್ತೆ, ತಿರುವಿನಲ್ಲಿ ಅವು ವಾಲಿದಾಗ ಸೈಕಲ್ಲೇ ಜಾರಿದ ಹಾಗಾಗುತ್ತೆ. ಮೋಸ ಹೋಗುವುದು ಅಗಲದ ವಿಷಯದಲ್ಲಿ.

ನನ್ನದು 29 ಇಂಚಿನ ಚಕ್ರದ ಸೈಕಲ್, 2.25 ಇಂಚಿನ ಟೈರ್, ರಿಮ್‌ನ ಒಳ ಅಗಲ 30 ಮಿ.ಮೀ. ರಸ್ತೆಯಲ್ಲಿ ಗುಂಡಿ ಜಾಸ್ತಿ, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್ ಇರುತ್ತೆ, ದಿನಾ ಓಡಾಡೋಕೆ ಯಾವುದು ಸರಿ ಅಂತ ಅಂಗಡಿಯಲ್ಲಿ ಕೇಳಿದೆ. ಅವರು ರಿಮ್ ಕಡೆ ತಿರುಗಿಯೂ ನೋಡಲಿಲ್ಲ.

"700 ಇಂಟು 28 ಹಾಕ್ಬಿಡ್ತೀನಿ ಸರ್. ಸಣ್ಣ ಇದ್ದಷ್ಟೂ ಸ್ಪೀಡು."

"ಇಷ್ಟು ಅಗಲದ ರಿಮ್‌ಗೆ ಅದು ಕೂರುತ್ತಾ?"

"29ಕ್ಕೂ 700ಕ್ಕೂ ರಿಮ್ ಒಂದೇ ಸರ್, ಕಣ್ಮುಚ್ಚಿ ಹಾಕ್ಬೋದು."

ಆ ಕೊನೆಯ ಮಾತಿನ ಮೊದಲರ್ಧ ನಿಜ. 29 ಇಂಚಿನ ಎಂಟಿಬಿ ಚಕ್ರಕ್ಕೂ 700ಸಿ ರೋಡ್ ಚಕ್ರಕ್ಕೂ ಟೈರ್ ಕೂರುವ ಜಾಗದ ವ್ಯಾಸ ಒಂದೇ, 622 ಮಿ.ಮೀ. ಅದಕ್ಕೇ ಟೈರ್ ಸಲೀಸಾಗಿ ಏರಿಬಿಡುತ್ತೆ, ಯಾರಿಗೂ ಅನುಮಾನ ಬರಲ್ಲ. ಆದರೆ ವ್ಯಾಸ ಹೊಂದಿದ ಮಾತ್ರಕ್ಕೆ ಅಗಲ ಹೊಂದಿತು ಅಂತಲ್ಲ. ಒಳಗೇ 30 ಮಿ.ಮೀ. ಇರುವ ರಿಮ್ ಹೊರಗೆ ಇನ್ನೂ ನಾಲ್ಕೈದು ಮಿ.ಮೀ. ಜಾಸ್ತಿ ಇರುತ್ತೆ. ಅದರ ಮೇಲೆ 28ರ, ಅಂದರೆ 28 ಮಿ.ಮೀ. ಅಗಲದ ಟೈರ್ ಕೂರಿಸಿದರೆ ಟೈರಿನ ಎರಡೂ ಪಕ್ಕ ಹೊರಕ್ಕೆ ಎಳೆದುಕೊಂಡು ನೆತ್ತಿ ಚಪ್ಪಟೆಯಾಗುತ್ತೆ, ರಿಮ್‌ನ ಅಂಚು ಟೈರಿಗಿಂತ ಆಚೆ ಚಾಚಿಕೊಂಡಿರುತ್ತೆ. ಗುಂಡಿಯ ಅಂಚಿಗೆ ಓರೆಯಾಗಿ ಬಿದ್ದರೆ ಮೊದಲು ಹೊಡೆತ ತಿನ್ನುವುದು ರಿಮ್.

ಗಾಳಿಯನ್ನು ಟೈರಿನ ಪಕ್ಕದಲ್ಲಿ ಬರೆದಿದ್ದ ಗರಿಷ್ಠ ಒತ್ತಡದವರೆಗೂ ಹೊಡೆದು ಕೊಟ್ಟರು. ಮೊದಲ ದಿನವೇ ಅಂಗೈ ಜೋಮು ಹಿಡಿಯಿತು. ಸಣ್ಣ ಬಿರುಕು, ಮ್ಯಾನ್‌ಹೋಲ್ ಮುಚ್ಚಳ, ಎಲ್ಲವೂ ನೇರ ಬೆನ್ನುಮೂಳೆಗೆ. ತಿರುವಿನಲ್ಲಿ ಒಳಗಡೆಯ ಪೆಡಲ್ ನೆಲಕ್ಕೆ ಕೆರೆಯತೊಡಗಿತು. ಟೈರ್ ತೆಳುವಾದರೆ ಚಕ್ರವೇ ಚಿಕ್ಕದಾಗುತ್ತೆ, ನನ್ನ ಲೆಕ್ಕದಲ್ಲಿ ಸೈಕಲ್ ಸುಮಾರು ಎರಡೂವರೆ ಸೆಂ.ಮೀ. ಕೆಳಗಿಳಿದಿತ್ತು. ತಮಾಷೆ ಅಂದರೆ ಮೀಟರಿನಲ್ಲಿ ವೇಗ ಹೆಚ್ಚಾಗಿತ್ತು! ಚಕ್ರದ ಸುತ್ತಳತೆ ಶೇ. 7ರಿಂದ 8ರಷ್ಟು ಕಮ್ಮಿಯಾಗಿದ್ದರೂ ಮೀಟರಿಗೆ ಹಳೇ ಅಳತೆಯೇ ಗೊತ್ತಿತ್ತು, ಗಂಟೆಗೆ 23 ಕಿ.ಮೀ. ಹೋದರೆ 25 ಅಂತ ತೋರಿಸುತ್ತಿತ್ತು. ಅಂಗಡಿಯವರು ಹೇಳಿದ ಸ್ಪೀಡು ಬಂದಿದ್ದು ಅಷ್ಟೇ.

ಆಮೇಲೆ ಒಂದು ಸಂಜೆ ಹಿಂದಿನ ಚಕ್ರ ಗುಂಡಿಗೆ ಇಳಿದು ಟಣ್ ಅಂತ ಲೋಹದ ಸದ್ದಾಯಿತು. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು, ಹಾವು ಕಚ್ಚಿದ ಗುರುತಿನ ಥರ. ಮುಳ್ಳು, ಗಾಜು ಚುಚ್ಚಿದರೆ ಸಾಮಾನ್ಯವಾಗಿ ಒಂದೇ ತೂತು; ಜೋಡಿ ತೂತು ಇದ್ದರೆ ಟ್ಯೂಬು ರಿಮ್‌ಗೂ ಗುಂಡಿಗೂ ನಡುವೆ ಸಿಕ್ಕಿ ಕತ್ತರಿಸಿದೆ ಅಂತ ಅರ್ಥ. ರಿಮ್‌ನ ಅಂಚು ಒಳಕ್ಕೆ ಮಡಚಿಕೊಂಡಿತ್ತು. ಬೇರೆ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿದಾಗ ಇನ್ನೊಂದು ವಿಷಯ ಹೊರಬಂತು: ಒಳಗಿದ್ದದ್ದು 2.25ರ ಹಳೇ ಟ್ಯೂಬು. ಅಷ್ಟು ದೊಡ್ಡ ಟ್ಯೂಬನ್ನು ಈ ಸಣ್ಣ ಟೈರಿನೊಳಗೆ ಮಡಚಿ ತುರುಕಿದ್ದರು. ಹೊಸ ಟ್ಯೂಬಿನ ದುಡ್ಡು ಬಿಲ್ಲಿನಲ್ಲಿತ್ತು. ಮಡಿಕೆ ಬಿದ್ದ ಕಡೆ ರಬ್ಬರ್ ಉಜ್ಜಿ ಸವೆದಿತ್ತು, ಗುಂಡಿ ಸಿಗದಿದ್ದರೂ ಇವತ್ತೋ ನಾಳೆಯೋ ಅದು ಹೋಗುತ್ತಿತ್ತು.

ಮೊದಲಿನ ಅಂಗಡಿಗೆ ಹೋಗಿ ಕೇಳಿದ್ದಕ್ಕೆ, ಗುಂಡಿ ನೋಡಿಕೊಂಡು ಓಡಿಸಬೇಕು ಅಂದರು. 28 ಬೇಕು ಅಂತ ನಾನೇ ಕೇಳಿದ್ದೆ ಅಂತಲೂ ಅಂದರು. ರಿಮ್ ಸರಿಯಾಗಲಿಲ್ಲ, ಹೊಸ ರಿಮ್ ತಂದು ಕಡ್ಡಿ ಕಟ್ಟಿಸಬೇಕಾಯಿತು. ಅದರ ಖರ್ಚಿನ ಮುಂದೆ ಟೈರಿನ ಖರ್ಚು ಏನೂ ಅಲ್ಲ.

ಇನ್ನು ನೀವು ಏನು ನೋಡಬೇಕು ಅನ್ನುವುದಕ್ಕೆ ಬರೋಣ. ರಿಮ್‌ನ ಒಳ ಅಗಲ ಬಹಳಷ್ಟು ಸಲ ರಿಮ್ ಮೇಲೇ ಬರೆದಿರುತ್ತೆ, 622x30 ಅಥವಾ 559x19 ಅಂತ; ಇಲ್ಲಿ ಎರಡನೇ ಸಂಖ್ಯೆ ಒಳ ಅಗಲ. ಇಲ್ಲದಿದ್ದರೆ ಟೈರ್ ಬಿಚ್ಚಿಸಿದಾಗ ಎರಡು ಗೋಡೆಗಳ ನಡುವೆ ಅಳೆಯಿರಿ. ಟೈರಿನ ಅಗಲ ಇದರ ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನ ನಡುವೆ ಇದ್ದರೆ ಚಿಂತೆಯಿಲ್ಲ: 30ರ ರಿಮ್‌ಗೆ 45ರಿಂದ 60, 25ರ ರಿಮ್‌ಗೆ 38ರಿಂದ 50. ಮೇಲಿನ ಕಡೆ ಸ್ವಲ್ಪ ಸಡಿಲ ನಡೆಯುತ್ತೆ, ಹಳೇ 19ರ ರಿಮ್ ಮೇಲೆ 2.1 ಇಂಚಿನ ಟೈರ್ ಎಷ್ಟೋ ವರ್ಷ ಓಡಿವೆ. ಕೆಳಗಿನ ಕಡೆ ಮಾತ್ರ ಹಟ ಬೇಡ. ಹುಕ್ ಇಲ್ಲದ ರಿಮ್ (ಟೈರಿನ ಅಂಚು ಹಿಡಿಯುವ, ಒಳಕ್ಕೆ ಬಾಗಿದ ತುಟಿ ಇಲ್ಲದ್ದು) ಆಗಿದ್ದರಂತೂ ಇನ್ನೂ ಹುಷಾರು, ಅದಕ್ಕೆ ಮಾನದಂಡದ ಪ್ರಕಾರ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ಮೀರಿ ಗಾಳಿ ಹಾಕುವಂತಿಲ್ಲ. ನನ್ನ 28ರ ಟೈರಿಗೆ ಅವರು ಹೊಡೆದಿದ್ದು 100.

ಇಂಚಿನ ಲೆಕ್ಕ ನಂಬಬೇಡಿ. ಟೈರಿನ ಪಕ್ಕದಲ್ಲಿ 50-622 ಥರದ ಜೋಡಿ ಸಂಖ್ಯೆ ಇರುತ್ತೆ: ಮೊದಲನೆಯದು ಅಗಲ, ಎರಡನೆಯದು ಕೂರುವ ವ್ಯಾಸ, ಎರಡೂ ಮಿ.ಮೀ.ನಲ್ಲಿ. ಒಂದೇ 50-622 ಟೈರಿನ ಮೇಲೆ ಒಬ್ಬರು 28x2.00 ಅಂತ ಬರೆದರೆ ಇನ್ನೊಬ್ಬರು 29x2.00 ಅಂತ ಬರೆಯುತ್ತಾರೆ. 26 ಇಂಚಿನವರಿಗೆ ಇದಕ್ಕಿಂತ ದೊಡ್ಡ ಗುಂಡಿ ಕಾದಿದೆ. 26x1.75 ಅಂತ ದಶಾಂಶದಲ್ಲಿ ಬರೆದದ್ದು 559ರ ಎಂಟಿಬಿ ಟೈರ್. 26x1 3/8 ಅಂತ ಭಿನ್ನರಾಶಿಯಲ್ಲಿ ಬರೆದದ್ದು ಸಾಮಾನ್ಯವಾಗಿ 590. ಎರಡೂ 26, ಒಂದರ ರಿಮ್‌ಗೆ ಇನ್ನೊಂದು ಕೂರಲ್ಲ. 27.5 ಇಂಚಿನದಾದರೆ ಎರಡನೇ ಸಂಖ್ಯೆ 584 ಇರಬೇಕು.

ಅಗಲ ಟೈರ್ ಅಂದರೆ ನಿಧಾನ ಅನ್ನುವುದೂ ಅರ್ಧ ಸುಳ್ಳೇ. ಒಂದೇ ಒತ್ತಡದಲ್ಲಿ ಅಗಲ ಟೈರ್ ಕಮ್ಮಿ ಚಪ್ಪಟೆಯಾಗುತ್ತೆ, ಉರುಳುವಾಗ ಕಮ್ಮಿ ಶಕ್ತಿ ತಿನ್ನುತ್ತೆ. ಹಾಳು ರಸ್ತೆಯಲ್ಲಂತೂ ಗಟ್ಟಿ ಸಣ್ಣ ಟೈರ್ ನಿಮ್ಮನ್ನು ಕುಕ್ಕಿ ಕುಕ್ಕಿ ವೇಗ ಕೊಲ್ಲುತ್ತೆ. ವೇಗ ತಿನ್ನುವುದು ಬಟನ್ನು ಮತ್ತು ದಪ್ಪ ಗಡಸು ಪದರ, ಅಗಲ ಅಲ್ಲ. ಜಾಲರಿ ಮುಚ್ಚಳದ ಸೀಳಿಗೆ ಚಕ್ರ ಇಳಿಯುವ ಭಯವೂ ಸಣ್ಣ ಟೈರಿಗೇ ಜಾಸ್ತಿ.

ಮಳೆಗೆ ಬಟನ್ ಇರಲೇಬೇಕು ಅಂತ ಹೆದರಿಸುವವರಿದ್ದಾರೆ, ಕಿವಿಗೊಡಬೇಡಿ. ಕಾರಿನ ಚಕ್ರ ನೀರಿನ ಮೇಲೆ ತೇಲಿದ ಹಾಗೆ ಸೈಕಲ್ ಚಕ್ರ ನಮ್ಮ ವೇಗಕ್ಕೆ ತೇಲಲ್ಲ, ಒದ್ದೆ ಡಾಂಬರಿನಲ್ಲಿ ಹಿಡಿತ ಕೊಡುವುದು ರಬ್ಬರೇ. ಬಟನ್ ಕೆಲಸಕ್ಕೆ ಬರುವುದು ಕೆಸರಿನಲ್ಲಿ. ಮಧ್ಯ ನುಣುಪು, ಪಕ್ಕಕ್ಕೆ ಗುಬುಟು ಇರುವ ಟೈರ್ ನನಗೆ ಹಿಡಿಸಲ್ಲ. ವಾಲುತ್ತಾ ವಾಲುತ್ತಾ ಒಂದು ಹಂತದಲ್ಲಿ ದಿಢೀರನೆ ಗುಬುಟಿನ ಮೇಲೆ ಹತ್ತಿ ಸೈಕಲ್ ನಡುಗುತ್ತೆ.

ಈಗ ನನ್ನ ಸೈಕಲ್ಲಿಗೆ ಇರುವುದು 50-622ರ ನುಣುಪು ಟೈರ್, ಒಳಗೆ ಪಂಕ್ಚರ್ ತಡೆಯುವ ಪದರ, ಹಿಂದೆ 42, ಮುಂದೆ 36 ಪಿಎಸ್‌ಐ. ಭಾರ ಹಿಂದೆ ಜಾಸ್ತಿ ಬೀಳುವುದರಿಂದ ಆ ವ್ಯತ್ಯಾಸ. ನಿಮ್ಮ ತೂಕ ಬೇರೆಯಾದರೆ ಅಂಕಿಯೂ ಬೇರೆ. ಪಕ್ಕದಲ್ಲಿ ಬರೆದಿರುವ ಗರಿಷ್ಠ ಒತ್ತಡ ಅನ್ನುವುದು ಮೀರಬಾರದ ಗೆರೆ, ಅಲ್ಲಿಯವರೆಗೂ ತುಂಬಿಸಿ ಅಂತಲ್ಲ.

ಅಂಗಡಿಯಲ್ಲಿ ಮಾತು ತಿರುಗಿಸುವವರು ಇರುವುದರಿಂದ ಎರಡು ಕೆಲಸ ಮಾಡಿ. ಬಿಲ್ಲಿನ ಮೇಲೆ ಟೈರಿನ ಜೋಡಿ ಸಂಖ್ಯೆ ಮತ್ತು ಟ್ಯೂಬಿನ ಅಳತೆ ಬರೆಸಿಕೊಳ್ಳಿ, ಟ್ಯೂಬ್ ಹಾಕುವಾಗ ಪಕ್ಕದಲ್ಲೇ ನಿಂತು ಡಬ್ಬಿ ನೋಡಿ. ಹಳೇ ಟೈರು, ಹಳೇ ಟ್ಯೂಬು ಎರಡನ್ನೂ ಕೇಳಿ ವಾಪಸ್ ತನ್ನಿ. ಹಳೇ ಟ್ಯೂಬು ಕೈಗೆ ಬರಲಿಲ್ಲ ಅಂದರೆ ಅದು ಚಕ್ರದೊಳಗೇ ಇರಬಹುದು, ಹಣ ಕೊಡುವ ಮುಂಚೆ ಬಿಚ್ಚಿಸಿ ನೋಡಿ.